ಎದೊದ ಅಚ್ಚುಚಿತ್ರ, ನಮ್ಮ ಪಾರಿಜಾತ

ಜಾತ್ರೆಯಲ್ಲಿ ಬೆಳತನಕ ಪಾರಿಜಾತ ನೋಡಿದವರಿಗೆ ಜಪಾನಿನ ‘ಉಕಿಯೊ-ಎ’ ಚಿತ್ರಗಳು ತೀರ ಪರಕೀಯವೆನಿಸಲಾರವು. ಅವೂ ಆಟ, ಹಾಡು, ಸಿಂಗಾರಗಳ ಲೋಕದಿಂದಲೇ ಹುಟ್ಟಿದವು. ‘ಉಕಿಯೊ’ ಎಂದರೆ ಬೌದ್ಧರ ಮಾತಿನಲ್ಲಿ ದುಃಖದ ಸಂಸಾರ. ಎದೊ, ಅಂದರೆ ಇಂದಿನ ಟೋಕಿಯೊ ನಗರದ ಕಾಲಕ್ಕೆ ಅದೇ ಉಚ್ಚಾರವನ್ನು ಬೇರೆ ಅಕ್ಷರದಲ್ಲಿ ಬರೆದು ‘ತೇಲುವ ಲೋಕ’ ಎಂದು ಅರ್ಥ ಹಚ್ಚಿದರು. ಬದುಕು ಹೇಗೂ ನಿಲ್ಲದು, ಇರುವಷ್ಟು ಹೊತ್ತು ನಲಿಯೋಣ ಎಂಬ ಭಾವ. ‘ಎ’ ಎಂದರೆ ಚಿತ್ರ.

ಇದು ಒಬ್ಬನ ಕೆಲಸವಲ್ಲ. ಕಲಾವಿದ ಬರೆದ ಗೆರೆಯನ್ನು ಕೆತ್ತುವವನು ಚೆರಿ ಮರದ ಹಲಗೆಗೆ ಇಳಿಸುತ್ತಿದ್ದ. ಅಚ್ಚಿನವನು ಬಣ್ಣಕ್ಕೊಂದು ಹಲಗೆಯಂತೆ ಕಾಗದದ ಮೇಲೆ ಒತ್ತುತ್ತಿದ್ದ. ಪ್ರಕಾಶಕ ಹಣ ಹಾಕಿ ಮಾರುತ್ತಿದ್ದ. ಸುಜುಕಿ ಹರುನೊಬು 1765ರಲ್ಲಿ ಬಹುವರ್ಣದ ಅಚ್ಚಿಗೆ ದಾರಿ ಮಾಡಿದ. ಬೆಲೆ ಅಗ್ಗವಾದ್ದರಿಂದ ಸಾಮಾನ್ಯ ಜನರೂ ಮೆಚ್ಚಿನ ಕಬುಕಿ ನಟನ ಚಿತ್ರ ಕೊಳ್ಳುತ್ತಿದ್ದರು. ಶರಾಕು ಎಂಬವನು 1794-95ರಲ್ಲಿ ಸುಮಾರು ಹತ್ತು ತಿಂಗಳು ಮಾತ್ರ ನಟರ ಮುಖ ಬರೆದು ಕಣ್ಮರೆಯಾದ. ಅವನು ಯಾರೆಂಬ ಚರ್ಚೆ ಇನ್ನೂ ಮುಗಿದಿಲ್ಲ. ಆದರೆ ಆ ನಟರ ಹುಬ್ಬಿನ ಕೊಂಕು, ತುಟಿಯ ಬಿಗಿ ಇಂದಿಗೂ ನೋಡಸಿಗುತ್ತವೆ.

ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯ ತೇಲುವ ಲೋಕವೆಂದರೆ ಶ್ರೀಕೃಷ್ಣ ಪಾರಿಜಾತ. ಅಪರಾಳ ತಮ್ಮಣ್ಣನ ರಚನೆಯನ್ನು ಕುಲಗೋಡ ತಮ್ಮಣ್ಣ ಆಟವಾಗಿ ಬೆಳೆಸಿದ. ನಾರದ ತಂದ ಒಂದು ಹೂವು ರುಕ್ಮಿಣಿಗೆ ಸಂದಿತೆಂದು ಸತ್ಯಭಾಮೆಗೆ ಮುನಿಸು. ಹೆಸರಿಗೆ ದ್ವಾರಕೆ, ಜಗಳ ಮಾತ್ರ ಇಲ್ಲಿಯ ಮನೆಗಳದೇ. ಹಾಲು ಮಾರುವ ಗೊಲ್ಲತಿ, ಕಣಿ ಹೇಳುವ ಕೊರವಂಜಿ ಸಂತೆಯಿಂದಲೇ ಎದ್ದು ಬಂದಂತಿದ್ದಾರೆ.

ಒಂದು ಅಂತರವುಂಟು. 1629ರಲ್ಲಿ ಜಪಾನಿನ ಆಡಳಿತ ಹೆಂಗಸರನ್ನು ಕಬುಕಿ ರಂಗದಿಂದ ಹೊರಗಿಟ್ಟಿತು. ಹೀಗಾಗಿ ಶರಾಕುವಿನ ನಟಚಿತ್ರಗಳಲ್ಲಿ ಹೆಣ್ಣುವೇಷ ತೊಟ್ಟವರೆಲ್ಲ ಗಂಡಸರು. ಪಾರಿಜಾತದಲ್ಲಾದರೋ ಕೌಜಲಗಿ ನಿಂಗಮ್ಮನವರಂಥ ಕಲಾವಿದೆ ರಂಗವೇರಿ ನಾಡಿನಲ್ಲೆಲ್ಲ ಹೆಸರಾದರು.

ಎದೊದ ನಟನಿಗೆ ಮರದ ಹಲಗೆ ಸಾಕ್ಷಿಯಾಯಿತು. ಪಾರಿಜಾತ ಉಳಿದುಬಂದದ್ದು ಬಹುಮಟ್ಟಿಗೆ ಮೇಳದವರ ಕೊರಳಿನಲ್ಲಿ, ನೋಡಿದವರ ನೆನಪಿನಲ್ಲಿ. ಪದಗಳನ್ನು ಪುಸ್ತಕದಲ್ಲಿ ಅಚ್ಚುಹಾಕಬಹುದು. ಧಾಟಿ, ದೂತಿಯ ತಮಾಷೆ, ಸತ್ಯಭಾಮೆ ಮುಖ ತಿರುಗಿಸುವ ಬಗೆ ಮಾತ್ರ ಕಲಿಯುವವರಿಗೆ ದಾಟದಿದ್ದರೆ ಕಲಿಸುವವರೊಡನೆಯೇ ಹೋಗುತ್ತವೆ. ಇಂದು ಕಿಸೆಕಿಸೆಯಲ್ಲೂ ಕ್ಯಾಮೆರಾ ಇದೆ. ಹಿರಿಯ ಕಲಾವಿದರ ಹಾಡನ್ನು ಅವರ ಹೆಸರು, ಊರು, ದಿನಾಂಕದೊಂದಿಗೆ ದಾಖಲಿಸಿಡುವುದು ಕಷ್ಟವಲ್ಲ. ಆ ಕೆಲಸವನ್ನು ಮುಂದಿನ ಜಾತ್ರೆಯಲ್ಲೇ ಶುರುಮಾಡಬಹುದು.