ಎಣ್ಣೆ ಸೋರುವ ಶಾಕ್ ಅಬ್ಸಾರ್ಬರ್

ರಸ್ತೆಯ ಹಂಗಿಲ್ಲದೆ ಹೊಲ, ಕೆಸರು, ಮರಳು, ಕಲ್ಲುಗುಡ್ಡಗಳ ಮೇಲೆಲ್ಲ ಓಡಬಲ್ಲ ಬಂಡಿಯೊಂದಕ್ಕೆ ಎ.ಟಿ.ವಿ. ಎಂದು ಹೆಸರು. ಹೊಂಡಾ ಸಂಸ್ಥೆಯವರು 1970ರಲ್ಲಿ ಅಮೆರಿಕದ ಮಾರುಕಟ್ಟೆಗೆ ತಂದ ಮೂರು ಚಕ್ರದ ಮಾದರಿಗೆ ಸ್ಪ್ರಿಂಗೂ ಇರಲಿಲ್ಲ, ಶಾಕ್ ಅಬ್ಸಾರ್ಬರೂ ಇರಲಿಲ್ಲ. ಬಲೂನಿನಂತೆ ಉಬ್ಬಿದ ಮೆತ್ತನೆಯ ಟೈರುಗಳೇ ಕುಲುಕಾಟವನ್ನೆಲ್ಲ ನುಂಗಿಕೊಳ್ಳಬೇಕಾಗಿತ್ತು. ಮುಂದೆ ನಾಲ್ಕು ಚಕ್ರದ ಬಂಡಿಗಳು ಬಂದು ವೇಗ ಹೆಚ್ಚಿದಂತೆ ಟೈರೊಂದೇ ಸಾಲದಾಯಿತು. ಈಗ ಹಿಂಬದಿಯ ಶಾಕ್ ಅಬ್ಸಾರ್ಬರಿನಿಂದ ಎಣ್ಣೆ ಸೋರತೊಡಗಿದರೆ, ಅಲ್ಲಿಯ ಅನೇಕ ಬಂಡಿವಂತರು ಅದನ್ನು ಮನೆಯ ಷೆಡ್ಡಿನಲ್ಲಿಯೇ ಬಿಚ್ಚಿ ಸರಿಪಡಿಸಿಕೊಳ್ಳುತ್ತಾರೆ. ಮಾಡಬಹುದಾದ ಕೆಲಸವೇ ಸರಿ. ಆದರೆ ಅದರಲ್ಲಿ ಅವಿತು ಕುಳಿತಿರುವ ಎರಡು ಶಕ್ತಿಗಳ ಪರಿಚಯ ಮೊದಲು ಆಗಬೇಕು.

ಒಂದು, ಹೊರಗೆ ಕಾಣುವ ಸ್ಪ್ರಿಂಗು. ಭಾರವನ್ನು ಹೊರುವುದಷ್ಟೇ ಅದರ ಕೆಲಸ; ಕುಪ್ಪಳಿಸುವುದನ್ನು ನಿಲ್ಲಿಸುವುದು ಅದರಿಂದಾಗದು. ಆ ಹೊಣೆ ಒಳಗಿನ ಎಣ್ಣೆಯದು. ಎಣ್ಣೆ ತುಂಬಿದ ನಳಿಗೆಯಲ್ಲಿ ಪಿಸ್ಟನ್ ಓಡಾಡುವಾಗ, ಅದರ ರಂಧ್ರಗಳನ್ನು ಮುಚ್ಚಿರುವ ತೆಳುವಾದ ಉಕ್ಕಿನ ಬಿಲ್ಲೆಗಳು ಬಾಗಿ ಎಣ್ಣೆಗೆ ದಾರಿ ಬಿಡುತ್ತವೆ. ಹೀಗೆ ನುಸುಳಿಕೊಂಡು ಹೋಗುವ ಶ್ರಮದಲ್ಲಿ ಹಳ್ಳದಿಣ್ಣೆಗಳ ಶಕ್ತಿಯೆಲ್ಲ ಶಾಖವಾಗುತ್ತದೆ. ವೇಗವಾಗಿ ಓಡುವ ಪಿಸ್ಟನ್ನಿನ ಹಿಂದೆ ಒತ್ತಡ ಕುಸಿದು ಎಣ್ಣೆಯಲ್ಲಿ ಗುಳ್ಳೆಯೆದ್ದರೆ ಎಣ್ಣೆಗೆ ತಡೆಯುವ ಬಲವಿರದು. ನಮ್ಮ ಗೋಲಿಸೋಡದ ಬಾಟಲಿಯನ್ನು ನೆನೆಯಿರಿ: ಗೋಲಿಯನ್ನು ಒತ್ತುವ ತನಕ ಒಳಗೆ ಗುಳ್ಳೆಯ ಸುಳಿವಿಲ್ಲ. ಫ್ರಾನ್ಸಿನ ದ ಕಾರ್ಬೋನ್ 1950ರ ದಶಕದಲ್ಲಿ ಪ್ರಚಾರಕ್ಕೆ ತಂದ ಉಪಾಯವೂ ಇದೇ: ಎಣ್ಣೆಯನ್ನು ಸದಾ ಅನಿಲದ ಒತ್ತಡದಲ್ಲಿಡುವುದು. ಎ.ಟಿ.ವಿ.ಯ ಟೈರಿನಲ್ಲಿರುವ ಗಾಳಿ ಚದರ ಅಂಗುಲಕ್ಕೆ ಸುಮಾರು 5 ಪೌಂಡಿನದು. ಶಾಕ್ ಅಬ್ಸಾರ್ಬರಿನ ನೈಟ್ರೊಜನ್ ಹಲವು ಮಾದರಿಗಳಲ್ಲಿ ಸುಮಾರು 150 ಪೌಂಡಿನದು. ಇದೇ ಎರಡನೆಯ ಶಕ್ತಿ.

ಆದುದರಿಂದ ಬಿಚ್ಚುವುದಕ್ಕೂ ಒಂದು ಕ್ರಮವುಂಟು. ಮಣ್ಣನ್ನೆಲ್ಲ ತೊಳೆದು, ಚಕ್ರಗಳು ತೂಗುವಂತೆ ಬಂಡಿಯನ್ನು ಭದ್ರವಾಗಿ ಎತ್ತಿ ನಿಲ್ಲಿಸಿ, ಸ್ಪ್ರಿಂಗಿನ ಅಳತೆಯನ್ನು ಗುರುತು ಹಾಕಿಕೊಂಡು, ಶಾಕ್ ಅಬ್ಸಾರ್ಬರನ್ನು ಹೊರತೆಗೆದು, ಬಳಿಕ ಸ್ಪ್ರಿಂಗನ್ನು ಸಡಿಲಿಸಬೇಕು. ತಿರುಪು ಪೂರ್ತಿ ಸಡಿಲವಾದ ಮೇಲೂ ಸ್ಪ್ರಿಂಗು ಬಿಗಿಯಾಗಿಯೇ ಇದ್ದರೆ ಅದನ್ನು ಅದುಮುವ ಸಲಕರಣೆಯಿಲ್ಲದೆ ಮುಟ್ಟಲಾಗದು. ಅನಂತರ ಕಣ್ಣಿಗೆ ಕನ್ನಡಕ ಧರಿಸಿ, ವಾಲ್ವಿಗೆ ಬಟ್ಟೆ ಮುಚ್ಚಿ, ಮುಖ ಆಚೆ ತಿರುಗಿಸಿಕೊಂಡು ಅನಿಲವನ್ನು ಮೆಲ್ಲಗೆ ಬಿಡಬೇಕು. ಅದು ಸಂಪೂರ್ಣ ಹೋದ ಮೇಲೆಯೇ ಸೀಲಿನ ತಲೆಯನ್ನು ಒಳಕ್ಕೆ ಒತ್ತಿ ಸರ್ಕ್ಲಿಪ್ಪನ್ನು ತೆಗೆಯುವುದು. ಅಂಚನ್ನು ಮಡಿಚಿ ಶಾಶ್ವತವಾಗಿ ಮುಚ್ಚಿದ ಅಗ್ಗದ ಮಾದರಿಗಳೂ ಇವೆ. ಅವನ್ನು ಕೊರೆದು ಬೆಸುಗೆ ಹಾಕುವ ಸಾಹಸಕ್ಕೆ ನನ್ನ ಸಮ್ಮತಿಯಿಲ್ಲ.

ಹೊಸ ಸೀಲು ಕೂಡಿಸಿದರೆ ಮುಗಿಯಿತೆಂದು ಬಹುಮಂದಿ ಭಾವಿಸುತ್ತಾರೆ. ಆದರೆ ಸೀಲು ತಾನಾಗಿ ಕೆಡುವುದಕ್ಕಿಂತ, ಅದರಲ್ಲಿ ಓಡಾಡುವ ಕ್ರೋಮಿಯಂ ಲೇಪದ ದಂಡವು ಅದನ್ನು ಕೆಡಿಸುವುದು ಹೆಚ್ಚು. ಕಲ್ಲು ಸಿಡಿದು ದಂಡದ ಮೇಲೆ ಕಚ್ಚು ಬಿದ್ದಿದ್ದರೆ ಅದು ಸೀಲಿನ ತುಟಿಯನ್ನು ಪ್ರತಿಸಲವೂ ಹರಿಯುತ್ತದೆ. ಕಣ್ಣಿಗಿಂತ ಉಗುರು ಇಲ್ಲಿ ನಂಬಿಕೆಯ ಪರೀಕ್ಷಕ: ದಂಡದ ಉದ್ದಕ್ಕೂ ಸುತ್ತಲೂ ಉಗುರಾಡಿಸಿ ನೋಡಿದಾಗ ಎಲ್ಲಿಯೂ ತಡೆಯಬಾರದು. ಸಣ್ಣ ಮುಳ್ಳಿನಂಥದ್ದನ್ನು ನಯವಾದ ಎಮರಿ ಕಾಗದದಿಂದ ತೀಡಬಹುದು. ಲೇಪ ಸವೆದು ಒಳಗಿನ ಉಕ್ಕು ಕಂಡರೆ ಮಾತ್ರ ಹೊಸ ದಂಡವೋ ಹೊಸ ಲೇಪವೋ ಆಗಲೇಬೇಕು. ಇಷ್ಟನ್ನು ನೋಡದೆ ಸೀಲು ಹಾಕಿದವನು ಮತ್ತೆ ಅದೇ ಎಣ್ಣೆಯನ್ನು ಒರೆಸಬೇಕಾದೀತು.

ಬಿಲ್ಲೆಗಳನ್ನು ಕಳಚಿದ ಕ್ರಮದಲ್ಲಿಯೇ ತಂತಿಗೆ ಪೋಣಿಸಿಡುವುದು ಜಾಣತನ. ಒಂದು ಮಿಲಿಮೀಟರಿನ ಹತ್ತನೆಯ ಒಂದು ಪಾಲು, ಐದನೆಯ ಒಂದು ಪಾಲು ದಪ್ಪದ ಈ ಬಿಲ್ಲೆಗಳು ಹಿಂದುಮುಂದಾದರೆ ಬಂಡಿಯ ನಡೆಯೇ ಬದಲಾಗುತ್ತದೆ. ಹೊಸ ಸೀಲಿಗೆ ಎಣ್ಣೆ ಸವರಿ, ದಂಡದ ಮರೆಯ ಚೂಪು ತುಟಿಯನ್ನು ಸೀಳದಂತೆ ತೆಳು ಪ್ಲಾಸ್ಟಿಕ್ ಸುತ್ತಿ ಜಾರಿಸಬೇಕು. ಶಾಕ್ ಅಬ್ಸಾರ್ಬರಿಗೆಂದೇ ತಯಾರಾದ ತೆಳುವಾದ ಎಣ್ಣೆಯನ್ನು ತುಂಬಿ, ಗುಳ್ಳೆಗಳು ಏಳುವುದು ನಿಲ್ಲುವ ತನಕ ಪಿಸ್ಟನ್ನನ್ನು ನಿಧಾನವಾಗಿ ಆಡಿಸಬೇಕು. ಅವಸರ ಮಾಡಿದರೆ ಗುಳ್ಳೆ ಹೊರಬೀಳುವ ಬದಲು ಹೊಸದಾಗಿ ಹುಟ್ಟುತ್ತದೆ.

ಇಲ್ಲಿಗೆ ಮನೆಯ ಕೆಲಸ ಮುಗಿಯಿತು. ನೈಟ್ರೊಜನ್ನಿನ ಸಿಲಿಂಡರು, ಒತ್ತಡ ನಿಯಂತ್ರಿಸುವ ಸಾಧನ ಇವೆಲ್ಲ ಮನೆಯಲ್ಲಿರುವವಲ್ಲ. ಅದಕ್ಕೆ ಪಳಗಿದವರ ಬಳಿಗೆ ಹೋಗಬೇಕು. ಬೆಸುಗೆಯವರಲ್ಲಿ ಸಿಗುವ ಆಮ್ಲಜನಕವನ್ನು ಎಂದೆಂದಿಗೂ ತುಂಬಕೂಡದು. ಒತ್ತಡದಲ್ಲಿರುವ ಆಮ್ಲಜನಕ ಎಣ್ಣೆಯನ್ನು ಸೇರಿದರೆ ಸ್ಫೋಟವೇ ಆದೀತು. ಅನಿಲ ತುಂಬುವ ಮುನ್ನ ಸರ್ಕ್ಲಿಪ್ಪು ತನ್ನ ಗಾಡಿಯಲ್ಲಿ ಸುತ್ತಲೂ ಕುಳಿತಿದೆಯೇ ಎಂದು ಬೆರಳಿನಿಂದ ಮುಟ್ಟಿ ನೋಡುವುದು ಒಳ್ಳೆಯದು. ಕೂರದಿದ್ದರೆ ದಂಡವೂ ಸೀಲೂ ಗುಂಡಿನಂತೆ ಹಾರಿ ಬಂದಾವು. ತುಂಬಿಸಿ ತಂದುದನ್ನು ಬಿಳಿಯ ಕಾಗದದ ಮೇಲೆ ದಂಡ ಕೆಳಮುಖವಾಗಿರುವಂತೆ ಒಂದು ರಾತ್ರಿ ಆನಿಸಿಡಬಹುದು. ಬೆಳಗ್ಗೆ ಕಾಗದದಲ್ಲಿ ಎಣ್ಣೆಯ ಕಲೆ ಕಾಣದಿದ್ದರೆ, ಗುರುತು ಹಾಕಿಕೊಂಡ ಅಳತೆಗೆ ಸ್ಪ್ರಿಂಗನ್ನು ಬಿಗಿದು ಬಂಡಿಗೆ ಜೋಡಿಸಬಹುದು.