ನೋವಿಲ್ಲದವರಿಗೆ ನೋವಿನ ಮದ್ದು



ಮೈಯಲ್ಲಿ ಯಾವ ನೋವೂ ಇಲ್ಲದವರಿಗೆ ಮಾರ್ಫೀನ್ ಕೊಟ್ಟರೆ ಏನಾಗುತ್ತದೆ? ಗಾಳಿಯಲ್ಲಿ ತೇಲಿದಂಥ ಸುಖ ಸಿಗುತ್ತದೆ ಎಂದೇ ಬಹಳ ಜನರ ನಂಬಿಕೆ. ಅಮೆರಿಕದ ಹಾರ್ವರ್ಡ್‌ನ ಅರಿವಳಿಕೆ ತಜ್ಞ ಹೆನ್ರಿ ಬೀಚರ್ ಮತ್ತು ಅವರ ಸಂಗಡಿಗರು ಆರೋಗ್ಯವಂತ ಯುವಕರಿಗೆ ಕೊಟ್ಟೇ ನೋಡಿದರು. ಚುಚ್ಚಿದ್ದು ನಿಜವಾದ ಔಷಧವೋ, ಹೆಸರಿಗಷ್ಟೇ ಮದ್ದೋ ಎಂದು ಆ ಯುವಕರಿಗೆ ತಿಳಿಸಿರಲಿಲ್ಲ. 1955ರಲ್ಲಿ ಫಲಿತಾಂಶ ಪ್ರಕಟವಾಯಿತು: ಹೆಚ್ಚಿನವರಿಗೆ ಮಾರ್ಫೀನ್ ಹಿತವೆನಿಸಲೇ ಇಲ್ಲ.

ಆರೋಗ್ಯವಾಗಿರುವವರಿಗೆ ಇದೆಲ್ಲ ಯಾಕೆ ಕೊಡಬೇಕು ಅನ್ನಬಹುದು. ರೋಗಿಯಲ್ಲಿ ಕಾಯಿಲೆ, ಭಯ, ನಿದ್ದೆಗೇಡು, ಬೇರೆ ಮಾತ್ರೆಗಳು ಎಲ್ಲ ಕಲಸಿಹೋಗಿರುತ್ತವೆ. ಯಾವುದು ಮದ್ದಿನ ಕೆಲಸ ಎಂದು ಬಿಡಿಸಿ ಹೇಳುವುದು ಕಷ್ಟ. ಆರೋಗ್ಯವಂತರಲ್ಲಿ ಆ ಗೋಜಲು ಕಡಿಮೆ. ಅಂಕಿಗೆ ಸರಿಯಾದ ಚಿಹ್ನೆಯನ್ನು ಎಷ್ಟು ಬೇಗ ಬರೆಯುತ್ತಾರೆ, ಕಣ್ಣಿನ ಪಾಪೆ ಎಷ್ಟು ಕಿರಿದಾಯಿತು, ಉಸಿರಾಟ ಹೇಗಿದೆ ಎಂದೆಲ್ಲ ಅಳೆಯುತ್ತಾರೆ.

ಇವುಗಳಲ್ಲಿ ಜೀವಕ್ಕೆ ತಟ್ಟುವುದು ಉಸಿರಿನ ಲೆಕ್ಕ. ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಏರಿದೊಡನೆ ಮೆದುಳಿನ ಬುಡವು ‘ಉಸಿರೆಳೆ’ ಎಂದು ನಮ್ಮನ್ನು ಒತ್ತಾಯಿಸುತ್ತದೆ. ಮಾರ್ಫೀನಿನಂಥ ಓಪಿಯಾಯ್ಡ್ ಮದ್ದುಗಳು ಈ ಒತ್ತಾಯವನ್ನೇ ಮೊಂಡು ಮಾಡುತ್ತವೆ. ಹೀಗೆ ಮದ್ದು ಪಡೆದವರು ಎಚ್ಚರವಿದ್ದೂ ಸುಮ್ಮನೆ ಮಲಗಿರಬಹುದು. ‘ಉಸಿರಾಡಿ’ ಎಂದು ಪಕ್ಕದಲ್ಲಿದ್ದವರು ಹೇಳಿದರೆ ಉಸಿರಾಡುತ್ತಾರೆ, ಹೇಳದಿದ್ದರೆ ಮರೆಯುತ್ತಾರೆ. ಇದರ ಮೇಲೆ ನಿದ್ದೆ ತರಿಸುವ ಮದ್ದೂ ಸೇರಿದರೆ ಆ ಎಚ್ಚರವೂ ಹೋಯಿತು.

1990ರಲ್ಲಿ ಪ್ರಕಟವಾದ ಒಂದು ಅಧ್ಯಯನ ಇದನ್ನು ಕಣ್ಣಿಗೆ ಕಟ್ಟುವಂತೆ ತೋರಿಸಿತು. ಅದರಲ್ಲಿದ್ದವರು 12 ಮಂದಿ ಆರೋಗ್ಯವಂತರು. ಮಿಡಜೋಲಮ್ ಎಂಬ ನಿದ್ದೆಮದ್ದು ಒಂದನ್ನೇ ಕೊಟ್ಟಾಗ ಉಸಿರಾಟಕ್ಕೆ ಹೇಳಿಕೊಳ್ಳುವಂಥ ತೊಂದರೆಯಾಗಲಿಲ್ಲ. ಫೆಂಟನಿಲ್ ಎಂಬ ಓಪಿಯಾಯ್ಡ್ ಒಂದನ್ನೇ ಕೊಟ್ಟಾಗ 6 ಮಂದಿಯ ರಕ್ತದ ಆಮ್ಲಜನಕ ಶೇ. 90ಕ್ಕಿಂತ ಕೆಳಗಿಳಿಯಿತು, ಆದರೆ ಯಾರ ಉಸಿರೂ ನಿಲ್ಲಲಿಲ್ಲ. ಎರಡನ್ನೂ ಒಟ್ಟಿಗೆ ಕೊಟ್ಟಾಗ 11 ಮಂದಿಯಲ್ಲಿ ಆಮ್ಲಜನಕ ಕುಸಿಯಿತು, 6 ಮಂದಿಯ ಉಸಿರಾಟವೇ ತಾತ್ಕಾಲಿಕವಾಗಿ ನಿಂತಿತು. ಇವರೆಲ್ಲ ಗಟ್ಟಿಮುಟ್ಟಾದವರು, ಪಕ್ಕದಲ್ಲೇ ವೈದ್ಯರಿದ್ದವರು ಎಂಬುದನ್ನು ನೆನಪಿಡಿ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಈ ಎರಡು ಬಗೆಯ ಮದ್ದುಗಳ ಜೋಡಿಯ ಬಗ್ಗೆ ತನ್ನ ಅತಿ ಕಟ್ಟುನಿಟ್ಟಿನ ಎಚ್ಚರಿಕೆ ಹಾಕಿಸಿದ್ದು 2016ರಲ್ಲಿ. ತಡವಾಯಿತು ಎಂದೇ ನನ್ನ ಅಭಿಪ್ರಾಯ.

ಇಂಥ ಪ್ರಯೋಗಗಳು ಎಲ್ಲವನ್ನೂ ಹೇಳಲಾರವು. ಕೆಲವೇ ಗಂಟೆ ಮದ್ದಿನಲ್ಲಿದ್ದವರನ್ನು ನೋಡಿ, ತಿಂಗಳುಗಟ್ಟಲೆ ಮಾತ್ರೆ ನುಂಗಿದವರ ಚಟದ ಬಗ್ಗೆ ತೀರ್ಪು ಕೊಡಲಾಗದು. ಕ್ಯಾನ್ಸರ್ ನೋವಿನಲ್ಲಿ ನರಳುವವರಿಗೆ ವೈದ್ಯರು ಅಳೆದು ಕೊಡುವ ಮಾರ್ಫೀನಿಗೆ ಹೆದರಬೇಕೆಂದೂ ಇವು ಹೇಳುವುದಿಲ್ಲ.

ಆದರೆ ಟ್ರಮಡಾಲ್, ಅಲ್ಪ್ರಜೋಲಮ್ ನಮ್ಮ ಮನೆಗಳಿಗೂ ಹೊಸ ಹೆಸರುಗಳೇನಲ್ಲ. ಇವೂ ಅದೇ ಎರಡು ಬಗೆಯವು: ಒಂದು ನೋವಿಗೆ, ಇನ್ನೊಂದು ನಿದ್ದೆಗೆ. ಬರೆದುಕೊಟ್ಟ ವೈದ್ಯರೂ ಬೇರೆ ಬೇರೆ ಇರಬಹುದು. ಅದಕ್ಕೇ, ಮುಂದಿನ ಸಲ ವೈದ್ಯರ ಬಳಿ ಹೋಗುವಾಗ ಈಗ ತೆಗೆದುಕೊಳ್ಳುತ್ತಿರುವ ಮಾತ್ರೆಗಳನ್ನೆಲ್ಲ ಕೈಯಲ್ಲೇ ಹಿಡಿದುಕೊಂಡು ಹೋಗಿ. ಕುಡಿಯುವ ಅಭ್ಯಾಸವಿದ್ದರೆ ಅದನ್ನೂ ಮುಚ್ಚಿಡದೆ ಹೇಳಿ.