ಮೂರನೆಯವನಿಗೆ ಹಾಕಿದ ಓಟು ಎಲ್ಲಿಗೆ ಹೋಗುತ್ತದೆ?

(ರೈತ ಕಾರ್ಯಕರ್ತರ ಅಧ್ಯಯನ ಶಿಬಿರದಲ್ಲಿ ಮಾಡಿದ ಭಾಷಣದ ಬರಹರೂಪ)



ಚುನಾವಣೆ ಬಂದಾಗಲೆಲ್ಲ ನಮ್ಮ ಊರುಗಳ ಅರಳಿಕಟ್ಟೆಯ ಮೇಲೆ ಒಂದು ಮಾತು ಕೇಳಿಬರುತ್ತದೆ. "ಆ ಮೂರನೆಯವನು ಒಳ್ಳೆಯವನೇ ಕಣಯ್ಯಾ, ರೈತರ ಪರ ಮಾತಾಡ್ತಾನೆ. ಆದ್ರೆ ಗೆಲ್ಲೋದಿಲ್ಲ. ಅವನಿಗೆ ಹಾಕಿ ಓಟು ಯಾಕೆ ಹಾಳು ಮಾಡ್ಕೋಬೇಕು?" ಈ ಮಾತಿನಲ್ಲಿ ಅರ್ಧ ಸತ್ಯವಿದೆ. ಉಳಿದ ಅರ್ಧ ಏನು ಅಂತ ನೋಡೋದಕ್ಕೆ ಇವತ್ತು ನಿಮ್ಮನ್ನು ಸ್ವಲ್ಪ ದೂರ, ಅಮೆರಿಕಕ್ಕೆ ಕರೆದುಕೊಂಡು ಹೋಗುತ್ತೇನೆ. ಅಮೆರಿಕ ಯಾಕೆ ಅಂತೀರೋ? ಬೆಲೆ ಕುಸಿತ ಮತ್ತು ಸಾಲ, ಈ ಎರಡರಿಂದ ಬೆಂದ ಅಲ್ಲಿನ ರೈತರು 1892ರಲ್ಲೇ ತಮ್ಮದೇ ಪಕ್ಷ ಕಟ್ಟಿ ದೇಶದ ಅಧ್ಯಕ್ಷ ಪದವಿಗೆ ನಿಂತಿದ್ದರು. ಅವರಿಗೆ ಸಿಕ್ಕಿದ್ದೇನು, ಕಳೆದುಕೊಂಡದ್ದೇನು ಅನ್ನೋದು ನಮಗೆ ತಿಳಿದಿರಬೇಕು.

ಮೊದಲು ಅಲ್ಲಿನ ಕಾನೂನು. ಅಮೆರಿಕದ ಅಧ್ಯಕ್ಷನನ್ನು ಜನ ನೇರವಾಗಿ ಆರಿಸುವುದಿಲ್ಲ. ಜನ ಆರಿಸುವುದು ಎಲೆಕ್ಟರುಗಳನ್ನು. ಅವರ ಸಂಖ್ಯೆ ಈಗ 538. ಗೆಲ್ಲಲು 270 ಬೇಕು. ಹೆಚ್ಚುಕಡಿಮೆ ಎಲ್ಲ ರಾಜ್ಯಗಳಲ್ಲೂ ಒಂದು ಓಟು ಹೆಚ್ಚು ಬಂದವನಿಗೆ ಆ ರಾಜ್ಯದ ಎಲೆಕ್ಟರುಗಳೆಲ್ಲ ಸೇರುತ್ತಾರೆ. ಗೆದ್ದವನಿಗೆ ಇಡೀ ರಾಶಿ, ಸೋತವನಿಗೆ ಹೊಟ್ಟೂ ಇಲ್ಲ. ಮೇನ್ ಮತ್ತು ನೆಬ್ರಾಸ್ಕಾ ಎಂಬ ಎರಡು ರಾಜ್ಯಗಳು ಮಾತ್ರ ಸ್ವಲ್ಪ ಹಂಚಿಕೊಡುತ್ತವೆ.

ಸರಿ, ಯಾರಿಗೂ ಬಹುಮತ ಬರದಿದ್ದರೆ? ಆಗ ಅಲ್ಲಿನ ಪ್ರತಿನಿಧಿ ಸಭೆ ಮೊದಲ ಮೂವರಲ್ಲಿ ಒಬ್ಬನನ್ನು ಆರಿಸುತ್ತದೆ. ಆರಿಸುವ ರೀತಿ ಕೇಳಿ: ರಾಜ್ಯಕ್ಕೆ ಒಂದೇ ಓಟು. ಸುಮಾರು 4 ಕೋಟಿ ಜನರಿರುವ ಕ್ಯಾಲಿಫೋರ್ನಿಯಾಕ್ಕೂ ಒಂದು, 6 ಲಕ್ಷವೂ ಇಲ್ಲದ ವಯೋಮಿಂಗ್‌ಗೂ ಒಂದು. 50 ರಾಜ್ಯಗಳಲ್ಲಿ 26 ಬಂದವನು ಅಧ್ಯಕ್ಷ. ಜನ ಹಾಕಿದ ಓಟಿನ ತೂಕ ಅಲ್ಲಿಗೆ ಮುಗಿಯಿತು. ಮುಂದಿನದು ಒಳಮನೆಯ ಮಾತುಕತೆ.

1824ರ ಚುನಾವಣೆಯಲ್ಲಿ ಹೀಗೇ ಆಯಿತು. ನಾಲ್ವರು ನಿಂತರು. ಆಂಡ್ರ್ಯೂ ಜಾಕ್ಸನ್‌ಗೆ 99, ಜಾನ್ ಕ್ವಿನ್ಸಿ ಆಡಮ್ಸ್‌ಗೆ 84, ಕ್ರಾಫರ್ಡ್‌ಗೆ 41, ಹೆನ್ರಿ ಕ್ಲೇಗೆ 37. ಬೇಕಾಗಿದ್ದದ್ದು 131. ನಾಲ್ಕನೆಯವನಾದ ಕ್ಲೇ ಪಟ್ಟಿಯಿಂದ ಹೊರಬಿದ್ದ. ಆದರೆ ಪ್ರತಿನಿಧಿ ಸಭೆಯ ಅಧ್ಯಕ್ಷನೇ ಅವನು! ತನ್ನ ಬಲವನ್ನು ಆಡಮ್ಸ್ ಕಡೆಗೆ ತಿರುಗಿಸಿದ. ಕ್ಲೇಯ ತವರಾದ ಕೆಂಟುಕಿಯ ಶಾಸನಸಭೆ ಜಾಕ್ಸನ್‌ಗೆ ಕೊಡಿ ಎಂದು ಹೇಳಿಕಳಿಸಿದ್ದರೂ ಅಲ್ಲಿನ ಪ್ರತಿನಿಧಿಗಳು ಆಡಮ್ಸ್‌ಗೇ ಕೊಟ್ಟರು. 1825ರ ಫೆಬ್ರವರಿ 9ರಂದು 24 ರಾಜ್ಯಗಳಲ್ಲಿ 13 ಪಡೆದು ಆಡಮ್ಸ್ ಗೆದ್ದ. ಕೂಡಲೇ ಕ್ಲೇಗೆ ವಿದೇಶಾಂಗ ಕಾರ್ಯದರ್ಶಿ ಪದವಿ ಬಂತು. ಬರಹದ ಕರಾರು ಇತ್ತೋ ಇಲ್ಲವೋ, ಜನ ಮಾತ್ರ ಇದು ಹೊಲಸು ವ್ಯಾಪಾರ ಅಂದರು. 1828ರಲ್ಲಿ ಅದೇ ಜಾಕ್ಸನ್‌ನನ್ನು ಭಾರಿ ಬಹುಮತದಿಂದ ಗೆಲ್ಲಿಸಿ ಸೇಡು ತೀರಿಸಿಕೊಂಡರು. ಬಹುಮತ ಇಲ್ಲದಾಗ ವ್ಯಾಪಾರ ನಡೆದೇ ನಡೆಯುತ್ತದೆ. ಆ ವ್ಯಾಪಾರ ಯಾರ ಹೆಸರಿನಲ್ಲಿ, ಯಾವ ಬೆಲೆಗೆ ಅನ್ನೋದೇ ಪ್ರಶ್ನೆ.

ಈಗ ರೈತರ ಕತೆಗೆ ಬರೋಣ. 1870ರ ದಶಕದಿಂದ ಅಲ್ಲಿ ಬೆಲೆಗಳು ವರ್ಷ ವರ್ಷ ಬೀಳುತ್ತಾ ಹೋದವು. ಆ ದಶಕದ ಆರಂಭದಲ್ಲಿ ಪೌಂಡಿಗೆ 10 ಸೆಂಟಿಗಿಂತ ಹೆಚ್ಚು ತರುತ್ತಿದ್ದ ಹತ್ತಿ 1894ರ ಹೊತ್ತಿಗೆ 5 ಸೆಂಟಿಗೂ ತಿಣುಕಿತು. ಸಾಲದ ಮೊತ್ತ ಮಾತ್ರ ಇಳಿಯಲಿಲ್ಲ. ಹತ್ತು ಮೂಟೆ ಮಾರಿ ತೀರಿಸಬೇಕೆಂದು ಮಾಡಿದ ಸಾಲಕ್ಕೆ ಇಪ್ಪತ್ತು ಮೂಟೆ ಮಾರಬೇಕಾಯಿತು. ದಕ್ಷಿಣದ ಹತ್ತಿ ಸೀಮೆಯಲ್ಲಿ ಅಂಗಡಿ ಸಾಹುಕಾರ ಬೀಜ, ಗೊಬ್ಬರ, ದಿನಸಿಯನ್ನೆಲ್ಲ ಕಡ ಕೊಟ್ಟು, ಬಿತ್ತುವ ಮೊದಲೇ ಬೆಳೆಯನ್ನು ತನ್ನ ಹೆಸರಿಗೆ ಬರೆಸಿಕೊಳ್ಳುತ್ತಿದ್ದ. ಪಶ್ಚಿಮದಲ್ಲಿ ಜಮೀನು ಅಡವು, ಮೇಲೆ ರೈಲು ಕಂಪನಿಗಳು ಹೇಳಿದಷ್ಟು ಸಾಗಣೆ ಬಾಡಿಗೆ. ಇದೆಲ್ಲ ನಿಮಗೆ ಹೊಸದೇನಲ್ಲ, ಹೆಸರು ಬೇರೆ ಅಷ್ಟೇ.

ಅವರು ಮೊದಲು ರೈತರ ಒಕ್ಕೂಟ ಕಟ್ಟಿದರು. ಒಟ್ಟಿಗೆ ಕೊಳ್ಳೋದು, ಒಟ್ಟಿಗೆ ಮಾರೋದು ಮಾಡಿ ನೋಡಿದರು. 1889ರಲ್ಲಿ ಒಕ್ಕೂಟದ ನಾಯಕ ಚಾರ್ಲ್ಸ್ ಮೆಕ್ಯೂನ್ ಒಂದು ಯೋಜನೆ ಮುಂದಿಟ್ಟ: ಸರ್ಕಾರವೇ ಗೋದಾಮು ಕಟ್ಟಲಿ, ಸುಗ್ಗಿಯಲ್ಲಿ ರೈತ ಬೆಳೆ ಇಟ್ಟು ಅದರ ಬೆಲೆಯ ನೂರಕ್ಕೆ 80 ಭಾಗವನ್ನು ಕಡಿಮೆ ಬಡ್ಡಿಗೆ ಸಾಲ ಪಡೆಯಲಿ, ಬೆಲೆ ಬಂದಾಗ ಮಾರಲಿ. ನಮ್ಮ ಮಾರುಕಟ್ಟೆ ಸಮಿತಿಗಳ ಅಡಮಾನ ಸಾಲದ ವಿಚಾರ ಇದೇ ಅಲ್ಲವೇ? ಎರಡು ದೊಡ್ಡ ಪಕ್ಷಗಳೂ ಕಿವಿಗೊಡಲಿಲ್ಲ. ಆಗ 1892ರ ಜುಲೈನಲ್ಲಿ ಒಮಾಹಾ ನಗರದಲ್ಲಿ ಸೇರಿ ಜನತಾ ಪಕ್ಷದ ಬೇಡಿಕೆಗಳನ್ನು ಬರೆದರು: ಬೆಳ್ಳಿ ನಾಣ್ಯ ಟಂಕಿಸಿ ಹಣದ ಬಿಗಿ ಸಡಿಲಿಸಬೇಕು, ಆದಾಯಕ್ಕೆ ತಕ್ಕ ತೆರಿಗೆ ಬೇಕು, ರೈಲು ಸರ್ಕಾರದ್ದಾಗಬೇಕು, ಅಂಚೆ ಉಳಿತಾಯ ಬ್ಯಾಂಕು ಬೇಕು, ಸೆನೆಟ್ ಸದಸ್ಯರನ್ನು ಜನರೇ ಆರಿಸಬೇಕು.

ಅವರ ಅಭ್ಯರ್ಥಿ ಅಯೋವಾದ ಜೇಮ್ಸ್ ವೀವರ್. 10 ಲಕ್ಷಕ್ಕೂ ಹೆಚ್ಚು ಓಟು ಬಂದವು, ನೂರಕ್ಕೆ ಎಂಟೂವರೆ. ಕ್ಯಾನ್ಸಾಸ್, ಕೊಲೊರಾಡೊ, ಐಡಾಹೊ, ನೆವಾಡ ಗೆದ್ದರು. ಒಟ್ಟು 22 ಎಲೆಕ್ಟರುಗಳು. ಆದರೆ ಕ್ಲೀವ್‌ಲ್ಯಾಂಡ್‌ಗೆ ಜನರ ಓಟು ನೂರಕ್ಕೆ ಸುಮಾರು 46 ಇದ್ದರೂ ಎಲೆಕ್ಟರುಗಳು 277 ಬಂದು ಬಹುಮತವಾಯಿತು. ರೈತರ ಕೈಗೆ ತಕ್ಕಡಿ ಸಿಗಲಿಲ್ಲ. ಸಾಲದಿಂದ ಅತಿ ಹೆಚ್ಚು ನರಳುತ್ತಿದ್ದ ಹತ್ತಿ ಸೀಮೆಯಲ್ಲಿ ವೀವರ್‌ಗೆ ಒಬ್ಬ ಎಲೆಕ್ಟರೂ ದಕ್ಕಲಿಲ್ಲ. ಅಲ್ಲಿ ಬಿಳಿಯ ರೈತರ ಒಕ್ಕೂಟ ಕರಿಯ ರೈತರನ್ನು ಸೇರಿಸಿಕೊಂಡಿರಲಿಲ್ಲ. ಅವರದು ಬೇರೆ ಒಕ್ಕೂಟ. ಸಾಲ ಒಂದೇ, ಸಂಘ ಎರಡು. ಸಾಹುಕಾರನಿಗೆ ಇದಕ್ಕಿಂತ ಅನುಕೂಲ ಏನು ಬೇಕು? ಜಾತಿ ನೋಡಿ ಓಟು ಹಾಕುವ ನಮ್ಮ ಊರುಗಳು ಇದನ್ನು ಒಂದು ಗಳಿಗೆ ಯೋಚಿಸಬೇಕು.

1896ರಲ್ಲಿ ಡೆಮಾಕ್ರಾಟರು ರೈತರ ಬೇಡಿಕೆಗಳಲ್ಲಿ ಬೆಳ್ಳಿಯನ್ನೇ ಮುಖ್ಯ ಘೋಷಣೆಯಾಗಿ ಎತ್ತಿಕೊಂಡು ಬ್ರಯಾನ್ ಎಂಬ ದೊಡ್ಡ ಮಾತುಗಾರನನ್ನು ನಿಲ್ಲಿಸಿದರು. ರೈತ ಪಕ್ಷಕ್ಕೆ ಇಕ್ಕಟ್ಟು. ಬೇರೆ ನಿಂತರೆ ಓಟು ಒಡೆಯುತ್ತದೆ, ಸೇರಿಕೊಂಡರೆ ತಾವೇ ಕರಗುತ್ತೇವೆ. ಕೊನೆಗೆ ಬ್ರಯಾನ್‌ನನ್ನೇ ಒಪ್ಪಿಕೊಂಡರು. ಗೋದಾಮು, ರೈಲಿನ ಮಾತು ಮೂಲೆಗೆ ಬಿತ್ತು. ಬ್ರಯಾನ್‌ಗೆ 176, ಎದುರಾಳಿ ಮೆಕಿನ್ಲಿಗೆ 271. ಸೋಲು ಬ್ರಯಾನ್‌ನದು; ಅಳಿದದ್ದು ರೈತರ ಪಕ್ಷ. ಅವನು ಮುಂದೆ ಇನ್ನೆರಡು ಸಲ ನಿಂತ. ರೈತ ಪಕ್ಷ ಮತ್ತೆ ಆ ಮಟ್ಟಕ್ಕೆ ಏಳಲೇ ಇಲ್ಲ.

ಹಾಗಾದರೆ ಆ 10 ಲಕ್ಷ ಓಟು ಹಾಳಾದವೇ? ಇಲ್ಲ. ಅಂಚೆ ಉಳಿತಾಯ ಬ್ಯಾಂಕು 1910ರಲ್ಲಿ ಕಾನೂನಾಯಿತು. ಆದಾಯ ತೆರಿಗೆಗೂ ಸೆನೆಟ್ಟಿನ ನೇರ ಚುನಾವಣೆಗೂ 1913ರಲ್ಲಿ ಸಂವಿಧಾನ ತಿದ್ದುಪಡಿಯಾಯಿತು. ಬೆಳೆಯ ಮೇಲೆ ಸರ್ಕಾರಿ ಸಾಲ ಕೊಡುವ ನಿಗಮ 1933ರಲ್ಲಿ ಬಂತು. ಪಕ್ಷ ಸತ್ತರೂ ಬೇಡಿಕೆ ಸಾಯಲಿಲ್ಲ. ಆದರೆ ಗೋದಾಮಿನ ಮಾತೆತ್ತಿದ ರೈತನ ಮೊಮ್ಮಗನ ಕಾಲಕ್ಕೆ ಅದು ಫಲ ಕೊಟ್ಟಿತು. ಅಷ್ಟರಲ್ಲಿ ಎಷ್ಟು ಜಮೀನು ಹರಾಜಾಗಿತ್ತೋ!

ಮೂರನೆಯವನ ಓಟಿಗೆ ಇನ್ನೂ ಮೂರು ಮುಖಗಳಿವೆ. 1968ರಲ್ಲಿ ಜಾರ್ಜ್ ವ್ಯಾಲೇಸ್, ಯಾರಿಗೂ ಬಹುಮತ ಬಾರದಂತೆ ಮಾಡಿ ಚೌಕಾಸಿ ಮಾಡೋಣ ಎಂದು ನಿಂತು 46 ಎಲೆಕ್ಟರುಗಳನ್ನು ಗೆದ್ದ. ಅವನ ಸರಕು ವರ್ಣದ್ವೇಷ. ತಕ್ಕಡಿಯ ಮುಳ್ಳು ಕೆಟ್ಟವರ ಕೈಗೂ ಸಿಕ್ಕೀತು ಎನ್ನುವುದಕ್ಕೆ ಇದು ಸಾಕ್ಷಿ. 1992ರಲ್ಲಿ ರಾಸ್ ಪೆರೋಗೆ ಸುಮಾರು 1 ಕೋಟಿ 97 ಲಕ್ಷ ಓಟು, ಎಲೆಕ್ಟರು ಮಾತ್ರ ಸೊನ್ನೆ. ಬೆಂಬಲ ದೇಶವೆಲ್ಲ ತೆಳುವಾಗಿ ಹರಡಿತ್ತು, ಒಂದು ಕಡೆ ರಾಶಿಯಾಗಲಿಲ್ಲ. 2000ದಲ್ಲಿ ಫ್ಲಾರಿಡಾದಲ್ಲಿ ಬುಷ್ ಗೆದ್ದದ್ದು 537 ಓಟಿನಿಂದ. ಅಲ್ಲಿ ಮೂರನೆಯ ಸಾಲಿನ ರಾಲ್ಫ್ ನಾಡರ್‌ಗೆ ಬಿದ್ದದ್ದು 97,488. ಅರಳಿಕಟ್ಟೆಯ ಮಾತಿನ ಅರ್ಧ ಸತ್ಯ ಇಲ್ಲಿದೆ.

ಓಟು ಹಾಳಾಗದಂತೆ ಕಾನೂನು ಮಾಡಲು ಸಾಧ್ಯವೇ ಇಲ್ಲವೇ? ಇದೆ, ನಮ್ಮಲ್ಲೇ ಇದೆ. ನಮ್ಮ ರಾಷ್ಟ್ರಪತಿ ಚುನಾವಣೆಯಲ್ಲಿ ಒಂದು, ಎರಡು, ಮೂರು ಎಂದು ಪ್ರಾಶಸ್ತ್ಯ ಬರೆಯುತ್ತಾರೆ. 1969ರಲ್ಲಿ, ಹಿಂದೆ ನಮ್ಮ ಮೈಸೂರು ರಾಜ್ಯದ ರಾಜ್ಯಪಾಲರಾಗಿದ್ದ ವಿ. ವಿ. ಗಿರಿಯವರಿಗೂ ನೀಲಂ ಸಂಜೀವ ರೆಡ್ಡಿಯವರಿಗೂ ಮೊದಲ ಎಣಿಕೆಯಲ್ಲಿ ಬಹುಮತ ಬರಲಿಲ್ಲ. ಸಿ. ಡಿ. ದೇಶಮುಖ್ ಮೂರನೆಯವರು. ಎರಡನೆಯ ಪ್ರಾಶಸ್ತ್ಯಗಳನ್ನು ಎಣಿಸಿದ ಮೇಲೆ ಗಿರಿ ಗೆದ್ದರು. ದೇಶಮುಖರಿಗೆ ಕೊಟ್ಟ ಓಟು ಕಸದ ಬುಟ್ಟಿಗೆ ಹೋಗಲಿಲ್ಲ. ನಮ್ಮ ವಿಧಾನ ಪರಿಷತ್ತಿನ ಪದವೀಧರ, ಶಿಕ್ಷಕ ಕ್ಷೇತ್ರಗಳಲ್ಲೂ ಇದೇ ಪದ್ಧತಿ. ರಾಷ್ಟ್ರಪತಿಗೆ, ಪದವೀಧರನಿಗೆ ಸಲ್ಲುವ ಪದ್ಧತಿ ಉಳುವವನಿಗೆ ಯಾಕೆ ಸಲ್ಲದು? ಕೇಳಬೇಕಾದ ಪ್ರಶ್ನೆ ಇದು.

ಅಲ್ಲಿಯವರೆಗೆ ಇರುವ ಕಾನೂನಿನಲ್ಲೇ ಬದುಕಬೇಕು. 2018ರ ಮೇ ತಿಂಗಳಲ್ಲಿ ನಮ್ಮ ವಿಧಾನಸಭೆಯಲ್ಲಿ ಯಾರಿಗೂ ಬಹುಮತ ಬರಲಿಲ್ಲ. 37 ಸ್ಥಾನ ಗೆದ್ದ ಮೂರನೆಯ ಪಕ್ಷಕ್ಕೆ ಮುಖ್ಯಮಂತ್ರಿ ಪದವಿ ಸಿಕ್ಕಿತು. ಚುನಾವಣೆಗೆ ಮುಂಚೆಯೇ ಸಾಲಮನ್ನಾ ಎಂದು ಹೇಳಿದ್ದರಿಂದ ಜುಲೈ ಬಜೆಟ್ಟಿನಲ್ಲಿ 34,000 ಕೋಟಿ ರೂಪಾಯಿಯ ಘೋಷಣೆ ಮಾಡಲೇಬೇಕಾಯಿತು. ಬೆನ್ನಿಗೇ ಮಿತಿ, ಷರತ್ತು, ಕಂತು ಬಂದವು. 2019ರ ಜುಲೈನಲ್ಲಿ ಸರ್ಕಾರವೇ ಬಿತ್ತು.

ಇದರಿಂದ ನಾವು ಕಲಿಯಬೇಕಾದದ್ದು ಇಷ್ಟು. ತೆಳುವಾಗಿ ನೂರು ಕಡೆ ನಿಲ್ಲುವುದಕ್ಕಿಂತ ಬೇರೂರಿದ ಹತ್ತು ಕಡೆ ನಿಲ್ಲಿ. ಬೇಡಿಕೆಯನ್ನು ಓಟಿಗೆ ಮುಂಚೆ ಬರೆದು, ಮೊತ್ತ ಮತ್ತು ದಿನಾಂಕದ ಸಮೇತ ಊರ ಮುಂದೆ ಓದಿ. ಯಾರೊಡನೆ ಸೇರಿದರೂ ಬೇಡಿಕೆಗಳಲ್ಲಿ ಒಂದನ್ನೇ ಹಿಡಿದು ಉಳಿದವನ್ನು ಬಿಡಬೇಡಿ. ಮಾತುಕತೆ ಕ್ಲೇಯ ಹಾಗೆ ಒಳಮನೆಯಲ್ಲಿ ಬೇಡ, ಬಯಲಿನಲ್ಲಿ ನಡೆಯಲಿ. ಚುನಾವಣೆ ಮುಗಿದ ಮರುದಿನವೂ ಸಂಘ ಉಳಿದಿರಲಿ, ಯಾಕೆಂದರೆ ಕಂತು ಕೇಳಲು ಬರುವ ಬ್ಯಾಂಕಿನವನು ಯಾರಿಗೆ ಬಹುಮತ ಬಂತು ಅಂತ ಕೇಳುವುದಿಲ್ಲ.

ಮಂಡಿಗೆ ಹೋಗುವಾಗ ಮಾಲಿನ ತೂಕ ಮನೆಯಲ್ಲೇ ಹಾಕಿಕೊಂಡು ಹೋಗುವವನು ಮೋಸಹೋಗುವುದು ಕಡಿಮೆ. ಓಟಿನ ತೂಕವನ್ನೂ ಹಾಗೇ ಮನೆಯಲ್ಲೇ ಹಾಕಿಕೊಂಡು ಹೋಗಿ.